ಉಡಿಗಂಟಿನೊಳಗಿನ ಕ್ಯಾಮೆರಾ

ನನ್ನ ಮೊಮ್ಮಗಳು ಇವತ್ತು ನನ್ನ ಕೈ ಕಚ್ಚಿದಳು. ಸುಮ್ಮನೆ ಆಟಕ್ಕಲ್ಲ, ನಾಲ್ಕು ಹಲ್ಲಿನ ಗುರುತು ಬೀಳೋ ಹಾಗೆ. ಆಮೇಲೆ ನನ್ನ ಮುಖ ನೋಡಿ, ನಾನು ಅಳಲಿಲ್ಲ ಅಂತ ಸಿಟ್ಟು ಬಂದು, ಇನ್ನೊಂದು ಕಡೆ ಕಚ್ಚಿದಳು. ಎರಡೂವರೆ ವರ್ಷದ ಪೋರಿ! ನಾನು ಓಣಿ ತುಂಬ ಓಡಾಡಿ ಎಲ್ಲರಿಗೂ ಕೈ ತೋರಿಸಿ ಬಂದೆ. ಎದುರು ಮನೆ ಮುದುಕ, "ಯಮ್ಮಾ, ಬಂಗಾರದ ಬಳೆ ಹಾಕ್ಸಿಕೊಂಡೋರಂಗೆ ಮೆರೀತೀಯಲ್ಲ" ಅಂದ. ಬಂಗಾರ ಯಾರಿಗೆ ಬೇಕು? ಈ ಹಲ್ಲು ಮೂಡಿದ್ದೇ ನನಗೆ ದೊಡ್ಡದು. ಈ ಕೂಸು ಹೊಟ್ಟೆಯಲ್ಲೇ ಸಾಯೋದಿತ್ತು. ಅದರ ಜೊತೆಗೆ ಅದರ ತಾಯಿಯೂ.

ನಾನು ಮೂರನೇ ಕ್ಲಾಸು ಓದಿದವಳು. ಬರೆಯೋಕೆ ಕೂತರೆ ಕೈ ನಿಧಾನ, ಮನಸ್ಸು ಮುಂದೆ ಓಡುತ್ತೆ. ಮಗಳೇ ನೋಟ್‌ಬುಕ್ ತಂದುಕೊಟ್ಟು, "ಬರಿ ಅವ್ವ, ಹೊಟ್ಟೇಲಿ ಇಟ್ಕೊಂಡು ಎಷ್ಟು ದಿನ ಓಡಾಡ್ತಿ? ಎಲ್ಲಾ ಬರಿ. ಆದ್ರೆ ಅದೊಂದು ಮಾತ್ರ ಬ್ಯಾಡ" ಅಂದಳು. ಅದೊಂದು ಯಾವುದು ಅಂತ ನಮ್ಮಿಬ್ಬರಿಗೂ ಗೊತ್ತು. ಅದು ಬರುವ ಜಾಗ ಬಂದಾಗ ಹೇಳ್ತೀನಿ, ಹೇಳಿ ದಾಟಿ ಹೋಗ್ತೀನಿ.

ಮದುವೆಯಾಗಿ ಬಂದಾಗಿನಿಂದ ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ದೊಡ್ಡ ಬಾಣಲೆ, ಅದರಲ್ಲಿ ಕಾದ ಮರಳು, ಆ ಮರಳಿಗೆ ಅಕ್ಕಿ ಬಿದ್ದರೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಚಟಚಟ ಅರಳಿ ಮಂಡಕ್ಕಿ. ಹೊಗೆಗೆ ಕಣ್ಣು ಉರಿ, ಬೆಂಕಿಗೆ ಮುಖ ಕಪ್ಪು. ನನ್ನ ಗಂಡನೂ ಅಲ್ಲೇ ದುಡಿಯೋನು. ಹೊಡೆಯೋನು. ಬೆಲ್ಟು, ಚಪ್ಪಲಿ, ಸೌದೆ, ಕೈಗೆ ಏನು ಸಿಕ್ಕರೆ ಅದು. ಒಂದು ಸಲ ಭಟ್ಟಿಯ ಬಿಸಿ ಮರಳನ್ನೇ ಮೊರದಲ್ಲಿ ತಂದು ನನ್ನ ಪಾದದ ಮೇಲೆ ಸುರಿದ. ಕಲೆ ಈಗಲೂ ಇದೆ. ಮೊಮ್ಮಗಳು ಅದರ ಮೇಲೆ ಬೆರಳಾಡಿಸಿ, "ಅಜ್ಜಿ, ಇದೇನು?" ಅಂತಾಳೆ. "ಚಂದಪ್ಪ" ಅಂತೀನಿ. ಅವಳು ಕಾಲಿಗೆ ಮುತ್ತು ಕೊಡ್ತಾಳೆ. ಇಂಥ ಮುತ್ತು ಸಿಗುತ್ತೆ ಅಂತ ಗೊತ್ತಿದ್ದರೆ ಅವತ್ತು ಅಷ್ಟು ಚೀರುತ್ತಿರಲಿಲ್ಲವೇನೋ.

ಆ ಮನುಷ್ಯ ಸತ್ತ. ನಾನು ಬದುಕಿದೆ. ಬದುಕಿದ್ದಕ್ಕೇ ಇರಬೇಕು, ಹೆಂಗಸು ಏಟು ತಿಂದೂ ಬದುಕಬಹುದು ಅನ್ನೋ ತಪ್ಪು ಲೆಕ್ಕ ನನ್ನ ತಲೆಗೆ ಹತ್ತಿದ್ದು.

ಒಬ್ಬಳೇ ಮಗಳು. ಹರಿಹರಕ್ಕೆ ಕೊಟ್ಟೆ. ಹೊಳೆ ಕಡೆಗೆ ಹೋಗುವ ಓಣಿಯಲ್ಲಿ ಮನೆ, ಹುಡುಗನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ, ಹಣೆ ತುಂಬ ವಿಭೂತಿ, ತಾಯಿಯ ಕಾಲಿಗೆ ಬೀಳದೆ ಹೊರಗೆ ಹೋಗದ ಮಗ. ನಾನು ಇನ್ನೇನು ನೋಡಬೇಕಿತ್ತು? ಮದುವೆಯಾದ ವರ್ಷದಲ್ಲೇ ಮಗಳು ಒಂದು ದಿನ ಒಬ್ಬಳೇ ಬಸ್ಸು ಹತ್ತಿ ಬಂದಳು. ಎಡಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಬಾಗಿಲ ಸಂದಿಯಲ್ಲಿ ಇಟ್ಟು ಬಾಗಿಲು ಹಾಕಿದ್ದನಂತೆ. ನಾನು ಅರಿಶಿನ ಹಚ್ಚಿ ಬಟ್ಟೆ ಕಟ್ಟಿ, ಊಟ ಹಾಕಿ, "ಹೊಂದ್ಕೊಂಡು ಹೋಗವ್ವ, ಮಕ್ಳಾದ್ರೆ ಎಲ್ಲ ಸರಿಯಾಗ್ತೈತೆ" ಅಂತ ಸಂಜೆ ಬಸ್ಸಿಗೆ ಹತ್ತಿಸಿದೆ. ಅವಳು ಕಿಟಕಿಯಿಂದ ನನ್ನ ನೋಡಲಿಲ್ಲ. ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು.

ಆಮೇಲೆ ಅವಳು ಹೇಳೋದನ್ನೇ ಬಿಟ್ಟಳು. ಗೊತ್ತಾಗಿದ್ದೆಲ್ಲ ನಾನು ಹೋದಾಗ ಕಂಡಿದ್ದು, ಗಾಯ ನೋಡಿ ತಿಳ್ಕೊಂಡಿದ್ದು; ನನ್ನೆದುರು ಅವನು ಕೈ ಎತ್ತುತ್ತಿರಲಿಲ್ಲ. ಅಳಿಯ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹೊಸ್ತಿಲ ಹೊರಗೆ ವಿಭೂತಿ ಪುಡಿ ಉದುರಿಸಿ ಹೋಗುತ್ತಿದ್ದ. ತೆಳ್ಳಗೆ, ಬೂದಿ ಹಾರಿ ಬಿದ್ದಂಗೆ. ನಾನು ಮೊದಲ ಸಲ ನೋಡಿ, ಎಂಥ ಭಕ್ತಿ ಅಂತ ಬಾಗಿ ಹಣೆಗೆ ಹಚ್ಚಿಕೊಂಡಿದ್ದೆ! ಅದು ಭಕ್ತಿಯಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗ ಆ ಪುಡಿಯ ಮೇಲೆ ಹೆಂಡತಿಯ ಹೆಜ್ಜೆ ಮೂಡಿದೆಯಾ ಅಂತ ಕುಕ್ಕರಗಾಲಲ್ಲಿ ಕೂತು ನೋಡೋನು. ಮೂಡಿದ್ದರೆ ಯಾಕೆ ಹೊರಗೆ ಹೋದೆ, ಯಾರನ್ನ ನೋಡೋಕೆ ಹೋದೆ ಅಂತ ಏಟು. ಮೂಡದಿದ್ದರೆ ಪುಡಿ ಗುಡಿಸಿ ಮತ್ತೆ ಉದುರಿಸಿದೀಯ ಅಂತ ಏಟು.

ಮಗಳು ಬಸುರಾಗಿ ಏಳು ತಿಂಗಳು ತುಂಬಿತು. ನಮ್ಮಲ್ಲಿ ಏಳನೇ ತಿಂಗಳಿಗೆ ಕುಬಸ ಮಾಡ್ತೀವಿ. ತವರಿನವರು ಹಸಿರು ಸೀರೆ, ಕುಬಸ ಅಂದ್ರೆ ರವಿಕೆ, ಹಸಿರು ಬಳೆ ತಗೊಂಡು ಹೋಗಿ ಬಸುರಿಯ ಉಡಿ ತುಂಬಿ, ಆಮೇಲೆ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಬರೋದು. ಬೀಗ್ತಿ, ಅಂದ್ರೆ ಅಳಿಯನ ತಾಯಿ, "ಕುಬಸ ಮಾಡ್ಕೊಂಡು ಹೋಗ್ರಿ. ಹುಡುಗೀನ ಕಳ್ಸಂಗಿಲ್ಲ. ಹೆರಿಗೆ ನಮ್ಮನೇಲೇ" ಅಂದುಬಿಟ್ಟಳು. ಅದೇ ವಾರ ಮಗಳ ಕೆನ್ನೆ ಊದಿತ್ತು. ನಾನು ಅವತ್ತು ಹೆದರಿದಷ್ಟು ಹಿಂದೆ ಯಾವತ್ತೂ ಹೆದರಿರಲಿಲ್ಲ. ಅಲ್ಲೇ ಬಿಟ್ಟರೆ ಎರಡು ಹೆಣ ಬರುತ್ತವೆ ಅನ್ನಿಸಿತು. ನಾಲ್ಕು ಜನ ಹಿರಿಯರನ್ನು ಕೂಡಿಸಿದೆ. ಅವರು ಮಗಳನ್ನು ಎಲ್ಲರೆದುರು ನಿಲ್ಲಿಸಿ, "ಹೊಡೀತಾನೇನವ್ವ?" ಅಂತ ಕೇಳಿದರು. ಗಂಡ ಎರಡು ಮಾರು ದೂರದಲ್ಲಿ ಅಡಿಕೆ ಅಗಿಯುತ್ತ ಕೂತಿದ್ದ. "ಇಲ್ರಿ, ಬಚ್ಚಲದಾಗ ಜಾರಿ ಬಿದ್ದೆ" ಅಂದಳು. ಒಬ್ಬ ಹಿರಿಯ ನನ್ನ ಕಡೆ ತಿರುಗಿ, "ನೀನು ನೋಡೀಯೇನು? ಸಾಕ್ಷಿ ಏನೈತೆ?" ಅಂದ.

ಸಾಕ್ಷಿ. ಆ ಮಾತು ನನ್ನ ತಲೆಯಲ್ಲಿ ಮುಳ್ಳಾಗಿ ಕೂತಿತು.

ದಾವಣಗೆರೆ ಆಗ ಹೊಸದಾಗಿ ಜಿಲ್ಲೆ ಆಗಿತ್ತು. ಮದುವೆ, ಗೃಹಪ್ರವೇಶ ಏನೇ ಇರಲಿ, ವಿಡಿಯೋ ಮಾಡಿಸದಿದ್ದರೆ ಮರ್ಯಾದೆ ಇಲ್ಲ ಅನ್ನೋ ಕಾಲ. ನನ್ನ ತಮ್ಮನ ಮಗ ಅದೇ ಕಸುಬಿನವನು. ಅವನ ಹತ್ತಿರ ಹೆಗಲ ಮೇಲೆ ಇಡೋ ದೊಡ್ಡ ಕ್ಯಾಮೆರಾ ಒಂದು, ಅಂಗೈಯಲ್ಲಿ ಹಿಡಿಸೋ ಸಣ್ಣದು ಒಂದು ಇತ್ತು. ಸಣ್ಣದನ್ನು ನೋಡಿ ಕೇಳಿದೆ.

"ಇದನ್ನ ಯಾರಿಗೂ ಕಾಣದಂಗೆ ಇಟ್ರೆ ಅದರ ಪಾಡಿಗೆ ಅದು ಹಿಡೀತೈತೇನೋ?"

"ಹಿಡೀತೈತೆ ಅತ್ತೆ. ಒಂದೂವರೆ ತಾಸು ಕ್ಯಾಸೆಟ್. ಯಾಕ?"

ಹೇಳಿದೆ. ಅವನು ಹಣೆ ಒರೆಸಿಕೊಂಡ. "ಬ್ಯಾರೆಯೋರ ಮನೇಲಿ ಕದ್ದು ಕ್ಯಾಮೆರಾ ಇಡೋದು ತಪ್ಪಲ್ವಾ? ನಾಳೆ ಗೊತ್ತಾದ್ರೆ ನನ್ನ ಯಾರು ಮದುವೆ ಮನಿಗೆ ಕರೀತಾರೆ?"

"ಅವನು ನನ್ನ ಮಗಳ ಬೆರಳು ಮುರಿದಿದ್ದು ತಪ್ಪಲ್ವಾ?"

"ಅಕ್ಕಗೆ ಹೇಳೋಣ್ವಾ?"

"ಬ್ಯಾಡ. ಹೆದರಿ ಬ್ಯಾಡ ಅಂತಾಳೆ."

ಈಗ ನೆನೆದರೆ, ಬೇಡ ಅಂತಾಳೆ ಅಂತ ಗೊತ್ತಿದ್ದೇ ನಾನು ಕೇಳಲಿಲ್ಲ. ಅಳಿಯನೂ ಅವಳನ್ನ ಯಾವುದಕ್ಕೂ ಕೇಳುತ್ತಿರಲಿಲ್ಲ.

ಅವರ ಮನೆಯ ನಡುಮನೆಯಲ್ಲೇ ದೇವರ ಜಗಲಿ. ಏಟು ಬೀಳುತ್ತಿದ್ದದ್ದೂ ಆ ನಡುಮನೆಯಲ್ಲೇ. ಹಾಗಾಗಿ ಕ್ಯಾಮೆರಾ ಇಡೋಕೆ ಜಗಲಿಗಿಂತ ಒಳ್ಳೆ ಜಾಗ ಇರಲಿಲ್ಲ. ತಮ್ಮನ ಮಗ ಅದರ ಕೆಂಪು ದೀಪಕ್ಕೆ ಕರೀ ಟೇಪು ಅಂಟಿಸಿ, ಯಾವ ಗುಂಡಿ ಒತ್ತಬೇಕು ಅಂತ ನನ್ನ ಹೆಬ್ಬೆರಳು ಹಿಡಿದು ಹತ್ತು ಸಲ ಒತ್ತಿಸಿದ. ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ, ಅಕ್ಕಿ, ಅರಿಶಿನದ ಕೊಂಬು ಇಟ್ಟು, ಅವುಗಳ ನಡುವೆ ಕ್ಯಾಮೆರಾ ಕೂರಿಸಿ ಗಂಟು ಕಟ್ಟಿದೆ. ಕಣ್ಣಿನಷ್ಟು ಜಾಗ ಮಾತ್ರ ಹೊರಗೆ.

ಸೋಮವಾರ ಕುಬಸ. ಮಗಳು ಹಸಿರು ಸೀರೆಯಲ್ಲಿ ಕೂತಿದ್ದಳು, ಕೈ ತುಂಬ ಬಳೆ. ನಾನು ಬಳೆ ಏರಿಸುವಾಗ ಮುಂಗೈ ಹತ್ತಿರ "ಅವ್ವ, ಮೆಲ್ಲಕ" ಅಂದಳು. ಅಲ್ಲಿ ಬೀಡಿ ಚುಚ್ಚಿದ ಗಾಯ ಹಸಿ ಇತ್ತು. ಸುತ್ತ ಕೂತ ಹೆಂಗಸರು ಸೋಬಾನೆ ಹಾಡುತ್ತಿದ್ದರು. ನಾನೂ ಹಾಡಿದೆ.

ಎಲ್ಲ ಮುಗಿದ ಮೇಲೆ ಗಂಟು ತಗೊಂಡು ಹೋಗಿ ಜಗಲಿಯ ಮೇಲೆ ಇಟ್ಟು, ಅಡ್ಡಬೀಳುವ ನೆಪದಲ್ಲಿ ಗುಂಡಿ ಒತ್ತಿದೆ. ಬೀಗ್ತಿ ಹಿಂದೆಯೇ ನಿಂತಿದ್ದಳು.

"ಇದೇನ್ರಿ ಬೀಗ್ತಿ? ಉಡಿ ತುಂಬಿ ಆತಲ್ಲ?"

"ಇದು ನಮ್ಮ ಮನೆ ಪದ್ಧತಿ ಕಣ್ರಿ" ಅಂದೆ. "ಚೊಚ್ಚಲ ಬಸುರಿಯ ಉಡಿಗಂಟು. ಒಂದಿನ ದೇವರ ಮುಂದ ಇರ್ಬೇಕು. ಯಾರೂ ಬಿಚ್ಚಂಗಿಲ್ಲ, ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ನಾನೇ ಬಂದು ತಗೊಂಡು ಹೋಗ್ತೀನಿ. ಮುಟ್ಟಿದ್ರೆ ಕೂಸಿಗೆ ಆಗಿಬರಲ್ಲ."

ಅಂಥ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ, ಯಾರ ಮನೆಯಲ್ಲೂ ಇಲ್ಲ. ಆ ನಿಮಿಷಕ್ಕೆ ಹುಟ್ಟಿಸಿದ್ದು. ಬೀಗ್ತಿ ನಂಬಿ ಕೈಮುಗಿದಳು. ಅವಳು ಕಣ್ಣು ಬಿಡೋದರೊಳಗೆ ನಾನು ಚಪ್ಪಲಿ ಹುಡುಕಿಕೊಂಡೆ. ನಾವು ಹೊರಟಾಗ ಹೊತ್ತು ಮುಳುಗೋದರಲ್ಲಿತ್ತು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಗಂಟು ಇಟ್ಟಲ್ಲೇ ಇತ್ತು. ಅದರ ಮೇಲೆ ಚೆಂಡುಹೂವಿನ ದಪ್ಪ ಮಾಲೆ. ಮಗಳು ಕಾಫಿ ಕೊಟ್ಟಳು. ಬಗ್ಗುವಾಗ ಹಲ್ಲು ಕಚ್ಚಿದಳು. ನಾನು ಏನೂ ಕೇಳದೆ ಗಂಟು ಎದೆಗೆ ಅವಚಿಕೊಂಡು ಓಡಿ ಬಂದೆ.

ತಮ್ಮನ ಮಗನ ಅಂಗಡಿಯಲ್ಲಿ ಬಾಗಿಲು ಎಳೆದುಕೊಂಡು ಟಿವಿಗೆ ತಂತಿ ಸಿಕ್ಕಿಸಿದೆವು. ಮೊದಲು ನನ್ನದೇ ಹೆಬ್ಬೆರಳು. ಆಮೇಲೆ ನಡುಮನೆ, ನನ್ನ ಮಗಳು ಚಾಪೆ ಸುತ್ತುತ್ತಿದ್ದಾಳೆ. ಆಮೇಲೆ ಬೀಗ್ತಿಯ ಕೈ ಬಂತು, ದೊಡ್ಡದಾಗಿ. ಅಷ್ಟೇ. ಆಮೇಲೆಲ್ಲ ಹಳದಿ.

ಸೋಮವಾರ ಅಲ್ವಾ! ಸಂಜೆ ದೀಪ ಹಚ್ಚಿ ಪೂಜೆ ಮಾಡಿದ್ದಳು. ನಲವತ್ತು ವರ್ಷ ನಾನೂ ಸೋಮವಾರ ಹೂವೇರಿಸಿದವಳೇ, ನನಗೆ ಹೊಳೆಯಲಿಲ್ಲ. ಮುಟ್ಟಬೇಡಿ, ದೇವರ ಗಂಟು ಅಂತ ನಾನೇ ಹೇಳಿದ್ದಕ್ಕೆ ಅದನ್ನೂ ದೇವರು ಅಂತ ಮಾಡಿ, ಮುಟ್ಟದೆ ಮೇಲಿಂದ ಮಾಲೆ ಇಳಿಬಿಟ್ಟಿದ್ದಳು. ನನ್ನ ಸುಳ್ಳೇ ಹೂವಾಗಿ ಕ್ಯಾಮೆರಾದ ಕಣ್ಣು ಮುಚ್ಚಿತ್ತು.

ಆದರೆ ಕಿವಿ ಮುಚ್ಚಿರಲಿಲ್ಲ.

ಮೊದಲು ಅಳಿಯನ ದನಿ: ಬಳೆ ಏರಿಸುವಾಗ ತಾಯಿ ಕಿವಿಯಲ್ಲಿ ಏನು ಹೇಳಿದೆ? ಮಗಳು, "ಏನಿಲ್ರಿ." ಟಪ್ ಅಂತ ಬೆಲ್ಟಿನ ಸದ್ದು. ಬಳೆ ಒಡೆದ ಸದ್ದು. ಗೋಡೆಗೆ ಏನೋ ಬಡಿದಾಗಲೆಲ್ಲ ಟಿವಿಯಲ್ಲಿ ಹೂವಿನ ಎಸಳು ನಡುಗುತ್ತಿದ್ದವು. ಒಂದು ಏಟಿಗೆ ಒಂದು ನಡುಕ. ನಾನು ಎಣಿಸಿದೆ, ಆಮೇಲೆ ಎಣಿಸೋಕಾಗಲಿಲ್ಲ. ಅವಳು ಚೀರಲಿಲ್ಲ. ಅವಳ ಉಸಿರು ಮಾತ್ರ, ನೀರೊಳಗಿಂದ ಮೇಲೆ ಬಂದವರ ಉಸಿರಿನ ಹಾಗೆ. ನಡುವೆ ಬೀಗ್ತಿಯ ದನಿ. ಸಿಟ್ಟಿಲ್ಲ, ಅಡುಗೆಗೆ ಉಪ್ಪು ಹೇಳೋ ಹಾಗೆ: "ಹೊಟ್ಟಿಗೆ ಬ್ಯಾಡಪ್ಪ. ಬೆನ್ನಿಗೆ ಹಾಕು."

ಅಳಿಯ ನಗುತ್ತ, "ಹೋಗು, ನಿಮ್ಮವ್ವಗೆ ಹೇಳ್ಹೋಗು" ಅಂದ.

"ಅವ್ವಗೆ ಹೇಳಿದ್ರೆ ಹೊಂದ್ಕೊ ಅಂತಾಳೆ" ಅಂದಳು ನನ್ನ ಮಗಳು.

ಅವನ ಬೆಲ್ಟಿಗಿಂತ ಆ ಮಾತು ನನಗೆ ಜೋರಾಗಿ ಬಿತ್ತು.

ಆಮೇಲೆ ಅವರಿಬ್ಬರೂ ಎಲ್ಲೋ ಹೋದರು. ಬಾಗಿಲು ಹಾಕಿದ ಸದ್ದು. ಸ್ವಲ್ಪ ಹೊತ್ತಿಗೆ ಮಗಳು ಜಗಲಿಯ ಹತ್ತಿರ ಬಂದು ಕೂತಳು, ಅವಳ ಉಸಿರು ಹೂವಿನ ಪಕ್ಕದಲ್ಲೇ ಕೇಳಿಸಿತು. ದೇವರ ಹತ್ತಿರ ಮಾತಾಡಿದಳು. ಹೊಟ್ಟೆಯಲ್ಲಿದ್ದ ಕೂಸಿನ ವಿಷಯ, ತನ್ನ ವಿಷಯ. ಏನು ಬೇಡಿಕೊಂಡಳು ಅನ್ನೋದೇ ನಾನು ಬರೆಯಬಾರದ ಅದೊಂದು ಮಾತು. ತಮ್ಮನ ಮಗ ಎದ್ದು ಆರಿಸಲಿಲ್ಲ, ನಾನೂ ಆರಿಸು ಅನ್ನಲಿಲ್ಲ. ದೇವರಿಗೆ ಅಂತ ಆಡಿದ ಮಾತನ್ನು ಇಬ್ಬರೂ ಕೊನೆತನಕ ಕೇಳಿದೆವು.

ವಿದ್ಯಾನಗರದಲ್ಲಿ ಒಬ್ಬ ವಕೀಲರಮ್ಮ ಇದ್ದರು. ಮಧ್ಯಾಹ್ನವೇ ಹೋದೆವು. ಅವರ ಮನೆ ಟಿವಿಗೆ ತಂತಿ ಹಾಕಿ ತೋರಿಸಿದೆವು. ಏಟುಗಳನ್ನು ಅವರು ತುಟಿ ಬಿಗಿದು ಕೇಳಿದರು. ಮಗಳು ಜಗಲಿಗೆ ಬಂದು ಕೂತು "ಶಿವನೇ" ಅಂದಳೋ ಇಲ್ಲವೋ, ಎದ್ದು ಟಿವಿ ಆರಿಸಿದರು.

"ಇದು ನಾನು ಕೇಳೋ ಮಾತಲ್ಲ" ಅಂದರು.

ನಾನು ತಲೆ ತಗ್ಗಿಸಿದೆ. ಆದರೂ ಕೇಳಿದೆ, "ಇದು ಕೋರ್ಟಿಗೆ ಆಗ್ತೈತಾ ತಾಯಿ?"

"ಮನೆಯೊಳಗೆ ಗುಟ್ಟಾಗಿ ಕ್ಯಾಮೆರಾ ಇಡಬಾರದು ಅಂತ ಅದಕ್ಕೇ ಬರೆದ ಕಾನೂನು ನಮ್ಮಲ್ಲಿ ಇನ್ನೂ ಇಲ್ಲ. ಹಂಗಂತ ಇಡಬಹುದು ಅಂತಾನೂ ಅಲ್ಲ. ಅವರು ನಿಮ್ಮನ್ನ ಕುಬಸಕ್ಕೆ ಕರೆದರು, ಕ್ಯಾಮೆರಾ ಇಡೋಕಲ್ಲ. ತಿರುಗಿ ನಿಮ್ಮ ಮೇಲೇ ದೂರು ಕೊಡಬಹುದು."

"ಕದ್ದು ತಂದಿದ್ದು ಅಂತ ಜಡ್ಜು ಎಸೀತಾರಾ?"

"ಎಸೀಲೇಬೇಕು ಅಂತಿಲ್ಲ. ನಿಜ ಅಂತ ಕಂಡರೆ ನೋಡ್ತಾರೆ. ಆದರೆ ನೋಡೋಕೆ ಏನೈತಮ್ಮ? ಹೂವೈತೆ. ದನಿ ಯಾರದು, ನಡುವೆ ಕತ್ತರಿಸಿ ಅಂಟಿಸೀರಾ, ಎಲ್ಲಾ ಕೇಳ್ತಾರೆ." ಟಿವಿಯ ತಂತಿ ಕಿತ್ತು ತಮ್ಮನ ಮಗನ ಕೈಗಿಟ್ಟು, "ಮಗಳನ್ನ ಕೇಳಿದ್ರಾ?" ಅಂದರು.

"ಅವಳಿಗೋಸ್ಕರಾನೇ ಇಟ್ಟಿದ್ದು."

"ನಾನು ಕೇಳಿದ್ದು ಅದಲ್ಲ. ಹೆಂಡ್ತಿಗೆ ಹಿಂಸೆ ಕೊಟ್ಟರೆ ಕಾನೂನು ಐತೆ. ಅದಕ್ಕೆ ಮೊದಲನೇ ಸಾಕ್ಷಿ ಏಟು ತಿಂದೋಳ ಬಾಯಿ. ಎರಡನೇದು ಅವಳ ಮೈ, ಡಾಕ್ಟರು ನೋಡಿ ಬರೀತಾರೆ. ಮೂರನೇದು ಗೋಡೆಯಾಚೆ ಇರೋರ ಕಿವಿ. ಈ ಮೂರನ್ನೂ ಬಿಟ್ಟು ನೀವು ಕ್ಯಾಮೆರಾ ಹಿಡ್ಕೊಂಡು ಬಂದೀರಿ. ಮೊದಲು ಹೋಗಿ ಮಗಳನ್ನ ಕೇಳ್ರಿ."

ಒಳ್ಳೆ ಮಾತು. ಆದರೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಇರುಳೆಲ್ಲ "ಬೆನ್ನಿಗೆ ಹಾಕು" ಅನ್ನೋದೇ ಕುದಿಯಿತು. ಬುಧವಾರ ಭಟ್ಟಿಗೆ ಹೋಗಿ, ಮರಳು ಕೆದಕುವ ಕಬ್ಬಿಣದ ಸಲಾಕೆ ತಗೊಂಡು, ಟವೆಲು ಸುತ್ತಿ ಹರಿಹರದ ಬಸ್ಸು ಹತ್ತಿದೆ.

"ಏನಮ್ಮ ಅದು ಉದ್ದಕ?" ಅಂದ ಕಂಡಕ್ಟರು.

"ನಮ್ಮ ಅಳಿಯದೇವರಿಗೆ ಉಡುಗೊರೆ" ಅಂದೆ.

ಅಳಿಯ ಊಟಕ್ಕೆ ಕೂತಿದ್ದ. ಹೊಸ್ತಿಲ ಹೊರಗೆ ವಿಭೂತಿ ಪುಡಿ ಹಾಗೇ ಇತ್ತು, ಅವನೊಬ್ಬನದೇ ಹೆಜ್ಜೆ. ನನ್ನ ನೋಡಿ, "ಬರ್ರಿ ಅತ್ತೆ. ಮೊನ್ನೆ ಕುಬಸ, ನಿನ್ನೆ ಗಂಟು, ಇವತ್ತೇನು ನೆಪ?" ಅಂದ. ನಾನು ಟವೆಲು ಬಿಚ್ಚಿದೆ. ಮೊದಲನೇ ಏಟು ತಟ್ಟೆಯ ಮೇಲೆ ಬಿದ್ದು ಅನ್ನ ಗೋಡೆಗೆ ಹಾರಿತು. ಎರಡನೇದು ಅವನ ಹೆಗಲಿಗೆ. ಮೂರನೇದಕ್ಕೆ ಎತ್ತುವಷ್ಟರಲ್ಲಿ ಸಲಾಕೆ ಅವನ ಕೈಯಲ್ಲಿತ್ತು. ನನ್ನ ಎಡ ಮುಂಗೈ ಮೇಲೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ಮರಳಲ್ಲಿ ಅಕ್ಕಿ ಸಿಡಿದ ಹಾಗೆ. ನಾನು ಬಿದ್ದೆ. ಅವನು ಹೊಟ್ಟೆಗೆ ಒದ್ದ. ಅಡುಗೆಮನೆಯಿಂದ ಓಡಿ ಬಂದ ಮಗಳ ಜಡೆ ಹಿಡಿದು ಎಳೆದು, "ನೀನೇ ಕರೆಸಿದ್ಯಾ ಇವಳನ್ನ?" ಅಂತ ಗೋಡೆಗೆ ಗುದ್ದಿದ.

ನೆಲದ ಮೇಲಿಂದಲೇ ಕೂಗಿದೆ. "ಹೊಡಿ! ನೀನು ಹೊಡೆದದ್ದೆಲ್ಲ ಟೇಪಿನಾಗೈತೆ! ಸೋಮವಾರದ್ದು ಪೂರಾ! ಆ ಗಂಟಿನಾಗ ಕ್ಯಾಮೆರಾ ಇತ್ತು!"

ಅವನ ಕೈ ಮಗಳ ಜಡೆ ಬಿಟ್ಟಿತು.

ಬೀಗ್ತಿ ಜಗಲಿಯ ಕಡೆ ನೋಡಿದಳು. ಮುಖ ಸುಣ್ಣವಾಯಿತು. "ನಾನು ಅದಕ್ಕ ಕೈ ಮುಗಿದೆ" ಅಂದಳು. "ಹೂವೇರಿಸಿದೆ. ಕೂಸಿಗೆ ಒಳ್ಳೇದಾಗ್ಲಿ ಅಂತ ಬೇಡ್ಕೊಂಡೆ. ಥೂ! ದೇವರ ಹೆಸರಾಗ ಕಣ್ಣು ಇಟ್ಟೆಲ್ಲೇ!" ಅವಳು ಕೆಟ್ಟ ಹೆಂಗಸು. ಆದರೂ ಆ ಮಾತು ಸುಳ್ಳಲ್ಲ.

ನಾನು ಮಗಳ ಮುಖ ನೋಡಿದೆ. ಖುಷಿಪಡ್ತಾಳೆ ಅಂದುಕೊಂಡಿದ್ದೆ.

"ಸೋಮವಾರ ಪೂರಾ ಕೇಳಿದ್ಯಾ?" ಅಂದಳು. ತುಟಿ ಒಡೆದು ರಕ್ತ ಬರುತ್ತಿತ್ತು.

"ಕೇಳಿದೆ."

"ಅವರು ಹೋದ ಮ್ಯಾಲೆ... ನಾನು ಇಲ್ಲಿ ಕೂತು ಅಂದಿದ್ದು?"

ನಾನು ಹೌದು ಅಂತ ತಲೆಯಾಡಿಸಿದೆ.

"ಇನ್ಯಾರು ಕೇಳಿದ್ರು?"

"ನನ್ನ ತಮ್ಮನ ಮಗ."

ಅವಳು ನಗುವ ಹಾಗೆ ಏನೋ ಮಾಡಿದಳು. "ಇವನು ಹೊಸ್ತಿಲಿಗೆ ವಿಭೂತಿ ಉದುರಿಸ್ತಾನೆ. ನೀನು ಜಗಲಿಗೆ ಕ್ಯಾಮೆರಾ ಇಡ್ತೀಯ. ಇಬ್ರಿಗೂ ದೇವರೇ ಬೇಕು. ನನ್ನ ಮಾತ್ರ ಯಾರೂ ಕೇಳಂಗಿಲ್ಲ. ಆ ಜಾಗ ಒಂದೇ ಇತ್ತವ್ವ ನಂಗೆ. ಅದನ್ನೂ ನೀನು ಕಿತ್ಕೊಂಡೆ."

ಅಷ್ಟರಲ್ಲಿ ಅಳಿಯನಿಗೆ ಜೀವ ಬಂತು. "ಟೇಪ್ ಎಲ್ಲೈತೆ? ಮನಿ ಹೊಕ್ಕು ಕ್ಯಾಮೆರಾ ಇಡ್ತೀರಾ? ಒಳಗ ಹಾಕಿಸ್ತೀನಿ ಇಬ್ರನ್ನೂ! ಈ ಪಿಂಡಾನೇ ಬ್ಯಾಡ ನಂಗೆ!" ಅಂತ ಸಲಾಕೆ ಎತ್ತಿದ. ಬೆನ್ನಿಗಲ್ಲ. ಹೊಟ್ಟೆಯ ನೇರಕ್ಕೆ. ಬೀಗ್ತಿ ಈ ಸಲ ಬೇಡ ಅನ್ನಲಿಲ್ಲ, ಜಗಲಿಯ ಕಡೆ ತಿರುಗಿ ನಿಂತಿದ್ದಳು. ನಾನು ತೆವಳಿ ಅವನ ಕಾಲು ಹಿಡಿದೆ.

"ಕೈ ಇಳಿಸು ಭಾಯ್."

ಬಾಗಿಲಲ್ಲಿ ಪಕ್ಕದ ಮನೆಯ ಸಾಬರ ಹೆಣ್ಮಗಳು. ನನ್ನ ಮಗಳು ಅವಳನ್ನ ಆಪಾ, ಅಂದ್ರೆ ಅಕ್ಕ, ಅಂತ ಕರೆಯುತ್ತಿದ್ದಳು. ಮನೆಯಲ್ಲೇ ಹೊಲಿಗೆ ಹಾಕುವಾಕೆ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಯಲ್ಲೇ ಇತ್ತು. ಹಿಂದೆ ಓಣಿಯ ನಾಲ್ಕಾರು ಜನ. ಅವನು ಅವರ ಕಡೆ ತಿರುಗಿದ ಒಂದು ಗಳಿಗೆಯಲ್ಲಿ ಮಗಳು ಸಲಾಕೆ ಕಿತ್ತುಕೊಂಡಳು. ಎರಡು ಸೊಟ್ಟ ಬೆರಳಿನ ಕೈಯಿಂದಲೇ ಎತ್ತಿ ಅವನ ಬಲಗೈ ಮೇಲೆ ಒಂದೇ ಒಂದು ಏಟು ಹಾಕಿದಳು. ಅವನು ಚೀರಿದ. ಎರಡು ವರ್ಷದಲ್ಲಿ ಆ ಮನೆಯಿಂದ ಹೊರಗೆ ಕೇಳಿದ ಮೊದಲ ಚೀರು ಅವನದೇ ಅಂತ ಆಪಾ ಆಮೇಲೆ ಹೇಳಿದಳು.

ಸಲಾಕೆ ಬಿಸಾಡಿ ಮಗಳು ಹೊಸ್ತಿಲಿಗೆ ಹೋದಳು. ವಿಭೂತಿ ಪುಡಿಯ ಮೇಲೆ ಎರಡೂ ಪಾದ ಊರಿ ನಿಂತಳು.

"ಬಚ್ಚಲದಾಗ ಬಿದ್ದಿಲ್ಲ ನಾನು" ಅಂದಳು, ಓಣಿಗೆಲ್ಲ ಕೇಳುವ ಹಾಗೆ. "ಹೊಡೀತಾನೆ. ಬೆರಳು ಮುರಿದ. ಬೀಡಿಯಿಂದ ಸುಟ್ಟ. ಮೊನ್ನೆ ಬೆಲ್ಟಿನಿಂದ ಹೊಡೆದ. ನಾನೇ ಹೇಳ್ತಿದೀನಿ, ಯಾವ ಟೇಪೂ ಬ್ಯಾಡ."

"ನಾನು ಗೋಡೆಯಾಚೆಯಿಂದ ದಿನಾ ಕೇಳೀನಿ" ಅಂದಳು ಆಪಾ. "ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಇಷ್ಟು ದಿನ ಯಾರೂ ನನ್ನ ಕೇಳ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ಆ ಪಾಪ ನನ್ನ ಮ್ಯಾಲೂ ಐತೆ."

ನಾನು ಎದ್ದು ಏನೋ ಹೇಳೋಕೆ ಹೋದೆ. "ನೀನು ಸುಮ್ನಿರವ್ವ" ಅಂದಳು ಮಗಳು.

ಸ್ಟೇಷನ್ನಿನಲ್ಲಿ, ಗಂಡ ಹೆಂಡತಿ ಜಗಳ, ಮನೆಯಲ್ಲಿ ಮಾತಾಡಿಕೊಳ್ಳಿ ಅಂದರು. ಅವಳು ಮತ್ತೆ ಮೊದಲಿಂದ ಹೇಳಿದಳು. ಮೂರನೇ ಸಲಕ್ಕೆ ಬರೆದುಕೊಂಡರು. ಅವನೂ ಕ್ಯಾಮೆರಾ ಇಟ್ಟರು ಅಂತ ದೂರು ಕೊಟ್ಟ. "ಇಟ್ಟಿದ್ದು ನೀನೇನಾ?" ಅಂತ ಕೇಳಿದರು. "ಹೌದ್ರಿ, ನಾನೇ. ಸುಳ್ಳು ಹೇಳಿ ಇಟ್ಟೆ" ಅಂದೆ. ವಕೀಲರಮ್ಮ ಟೇಪನ್ನು ಏನು ಮಾಡಬೇಕು ಅಂತ ಈ ಸಲ ಮಗಳನ್ನೇ ಕೇಳಿದರು. "ಕೊಡಲ್ಲ" ಅಂದಳು. ಡಾಕ್ಟರ ಚೀಟಿ, ಆಪಾಳ ಮಾತು, ತನ್ನ ಬಾಯಿ, ಇಷ್ಟರಲ್ಲೇ ನಡೆಸಿದಳು. ಕೇಸು ಎಳೆದಾಡಿ, ಕೊನೆಗೆ ಮದುವೆಯಿಂದ ಬಿಡುಗಡೆಗೆ ಅವನೇ ಒಪ್ಪಿದ. ಕೂಸು ತಾಯಿಯ ಹತ್ತಿರವೇ ಅಂತಾಯಿತು. ತನ್ನ ದೂರನ್ನೂ ವಾಪಸು ತಗೊಂಡ. ಎಲ್ಲ ಮುಗಿದ ದಿನ ಮಗಳು ಟ್ರಂಕಿನಿಂದ ಕ್ಯಾಸೆಟ್ ತೆಗೆದು ಭಟ್ಟಿಗೆ ಬಂದು, ಬಾಣಲೆಯ ಕೆಳಗಿನ ಬೆಂಕಿಗೆ ಹಾಕಿದಳು. ನಾವಿಬ್ಬರೂ ಅದು ಕರಗಿ ಕರ್ರಗೆ ಹರಿಯೋದನ್ನ ನೋಡಿದೆವು.

ಆದರೆ ಅದೆಲ್ಲ ಆಮೇಲಿನದು. ಅದಕ್ಕೂ ಮೊದಲು, ಬುಧವಾರ ಅವಳನ್ನು ಮನೆಗೆ ಕರೆದುಕೊಂಡು ಬಂದ ಮೇಲೆ, ಎರಡು ತಿಂಗಳು ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ. ನಾನು ಒಂದೇ ಕೈಯಲ್ಲಿ ಗಂಜಿ ಮಾಡಿ ಇಟ್ಟರೆ ಕುಡಿಯೋಳು. ದೇವರ ಜಗಲಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಮಾಡಿದ ಗಾಯ ಅದು. ಬೆನ್ನಿನ ಬಾಸುಂಡೆಗಳೆಲ್ಲ ಮಾಗಿದವು, ಅದು ಮಾಗಲಿಲ್ಲ.

ಹೆರಿಗೆ ನೋವು ಬಂದಾಗ ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸಮ್ಮ ನನ್ನ ಹೊರಗೆ ಕಳಿಸೋಕೆ ಬಂದರು. ನಾನೇ ಬಾಗಿಲಲ್ಲಿ ನಿಂತು ಮಗಳನ್ನು ಕೇಳಿದೆ, ಜೀವಮಾನದಲ್ಲಿ ಮೊದಲ ಸಲ: "ನಾನು ಇರ್ಲಾ, ಹೋಗ್ಲಾ?"

ಅವಳು ನೋವಿನ ನಡುವೆ ನನ್ನ ನೋಡಿದಳು. "ಇರು" ಅಂದಳು.

ಅಷ್ಟೇ ಸಾಕಾಗಿತ್ತು ನನಗೆ! ಕೈ ಕೊಟ್ಟೆ. ಆಗ ತಾನೇ ಪಟ್ಟಿ ಬಿಚ್ಚಿದ್ದ ಎಡಗೈ ಅದು. ನೋವು ಏರಿದಾಗ ಅದನ್ನೇ ಬಾಯಿಗೆ ಎಳೆದುಕೊಂಡು ಕಚ್ಚಿದಳು, ರಕ್ತ ಬರುವ ಹಾಗೆ. 'ಹೊಂದ್ಕೊ' ಅಂದದ್ದಕ್ಕೆ, ಬಸ್ಸು ಹತ್ತಿಸಿದ್ದಕ್ಕೆ, ಗಂಟಿಗೆ, ಎಲ್ಲದಕ್ಕೂ ಸೇರಿಸಿ ಕಚ್ಚಿದಳು. ನಾನು "ಕಚ್ಚವ್ವ, ಕಚ್ಚು" ಅಂತ ಕೂಗುತ್ತಿದ್ದೆ. ನರ್ಸಮ್ಮನಿಗೆ ನಗು. ಆಮೇಲೆ ಒಂದು ಚೀರು, ಕೋಣೆ ಸೀಳಿಹೋಗುವಂಥ ಚೀರು. ಕೂಸಿನದು. ಎಷ್ಟು ಸಿಟ್ಟು ಆ ದನಿಯಲ್ಲಿ! ಮುಷ್ಟಿ ಬಿಗಿದುಕೊಂಡೇ ಹುಟ್ಟಿತ್ತು ಹೆಣ್ಣು. ನಾನು ಆಸ್ಪತ್ರೆಯ ನೆಲದ ಮೇಲೆ ಕೂತು ಗೊಳೋ ಅಂತ ಅತ್ತೆ, ನಕ್ಕೆ, ಎದ್ದು ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದೆ.

ಈಗ ಮನೆಯ ಒಳಕೋಣೆ ತಾಯಿ ಮಗಳದು. ಬಾಗಿಲಲ್ಲಿ ಬೆರಳು ತೂರುವಷ್ಟು ಬಿರುಕಿದೆ. ಮೊಮ್ಮಗಳು ಮಲಗಿದ್ದರೆ ಆ ಬಿರುಕಿಗೆ ಕಣ್ಣಿಟ್ಟು ನೋಡಬೇಕು ಅಂತ ಜೀವ ಎಷ್ಟು ಹಾತೊರೆಯುತ್ತೆ ಅಂತ ಹೇಳಲಾರೆ. ಇಡಲ್ಲ. ಹಿಂದೆ ಒಂದು ಸಲ ಇಟ್ಟಾಗ ಮಗಳು ಒಳಗಿಂದಲೇ, "ಅವ್ವ, ಬಾಗ್ಲು ಬಡಿ" ಅಂದಿದ್ದಳು. ನನ್ನದೇ ಮನೆ, ನಾನು ಕಟ್ಟಿಸಿದ ಬಾಗಿಲು. ಆದರೂ ಬಡೀತೀನಿ.

ಇವತ್ತು ಕಚ್ಚಿದ ಗುರುತಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ಬಡಿದೆ.

"ಯಾಲು?" ಅಂದಿತು ಒಳಗಿಂದ ದೊಡ್ಡ ಸಾಹೇಬರ ದನಿ.

"ನಾನು ಕಣವ್ವ, ಅಜ್ಜಿ. ಒಳಗ ಬರ್ಲಾ?"

ಯೋಚನೆ ಮಾಡುತ್ತಿದ್ದಳು ಅಂತ ಕಾಣುತ್ತೆ. ಮಗಳು ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

"ಬ್ಯಾಡ" ಅಂದಳು ನನ್ನ ಮೊಮ್ಮಗಳು.

ಎಂಥ ಗಟ್ಟಿ ದನಿ! ಹೆದರಿಕೆಯ ಲವಲೇಶ ಇಲ್ಲ. ನಾನು ಬಾಗಿಲ ಹೊರಗೇ ಹೊಸ್ತಿಲ ಪಕ್ಕ ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅವಳು ಬಾ ಅನ್ನೋತನಕ ಇಲ್ಲೇ ಕೂತು ಬರೀತಿದೀನಿ.